ತೋಳಿನಡಿಯ ಜೋಳಿಗೆ

9 ಮಾರ್ಚ್ 1991, ಶನಿವಾರ, ಬೆಳಗ್ಗೆ 7
ತೂಕ 142. ನಿನ್ನೆಯೂ ಅಷ್ಟೇ. ಒಟ್ಟು ಇಳಿದದ್ದು ತೊಂಬತ್ತು ಪೌಂಡ್. ತಮ್ಮ ಪ್ರಭಾಕರನಿಗೆ ಕಿಡ್ನಿ ಕೊಡುತ್ತೇನೆಂದಾಗ, ತೂಕ ಇಳಿಸದೆ ಮುಟ್ಟುವುದಿಲ್ಲ ಎಂದಿದ್ದರು ಡಾಕ್ಟರು. ಒಂದೂವರೆ ವರ್ಷ ನಡೆದೆ. ಇಳಿಸಿದೆ. ಕೊಟ್ಟೆ. ಈಗ ಅವನು ಪಾರ್ಸಿಪನಿಯ ಆಫೀಸಿಗೆ ದಿನಾ ಕಾರಲ್ಲಿ ಹೋಗಿಬರುವಷ್ಟು ಗಟ್ಟಿ.
ನನಗೆ ಕೊಬ್ಬು ಹೋಯಿತು, ಚರ್ಮ ಉಳಿಯಿತು... ಎರಡೂ ತೋಳಿನಡಿ ಜೋಳಿಗೆ. ಉಜ್ಜಿ ಉಜ್ಜಿ ಕೆಂಪಗಾಗಿ ಉರಿ.

14 ಮಾರ್ಚ್
ಈ ಚರ್ಮ ತೆಗೆಸೋಣವೆಂದು ಪ್ಲಾಸ್ಟಿಕ್ ಸರ್ಜನ್ ಹತ್ತಿರ ಹೋಗಿದ್ದೆ. ಇವರಿಗೆ, ನನ್ನ ಗಂಡ ಮುಕುಂದ್‌ಗೆ, ಹೇಳಿರಲಿಲ್ಲ. ಸರ್ಜನ್ ಕಂಕುಳಿನಿಂದ ಮೊಣಕೈವರೆಗೆ ಪೆನ್ನಿನಲ್ಲಿ ಗೆರೆ ಎಳೆದು ತೋರಿಸಿದರು — ಕಲೆ ಇಷ್ಟುದ್ದ. ಮಾಸುತ್ತದೆ, ಹೋಗುವುದಿಲ್ಲ. ಒಂದೇ ಕಿಡ್ನಿ, ಹಾಗಾಗಿ ಕಿಡ್ನಿ ಡಾಕ್ಟರು ಮೊದಲು ಒಪ್ಪಬೇಕಂತೆ.
ಗೆರೆ ಸೋಪಿಗೂ ಹೋಗಲಿಲ್ಲ. ಪಾತ್ರೆ ತೊಳೆಯುವಾಗ ಮುಕುಂದ್ ನೋಡಿಬಿಟ್ಟರು.
"ಇದೇನು ಸುಂದರಿ?"
ಹೇಳಿದೆ. ನಲ್ಲಿ ನಿಲ್ಲಿಸಿದರು.
"ಅವತ್ತು ನೀನು ಕಿಡ್ನಿ ಕೊಟ್ಟಾಗ ವೇಟಿಂಗ್ ರೂಮಲ್ಲಿ ಆರು ಗಂಟೆ ಒಬ್ನೇ ಕೂತಿದ್ದೆ ಕಣೇ. ಮತ್ತೆ ಹಾಗೆ ಕೂರಕ್ಕೆ ನನ್ನ ಕೈಲಾಗಲ್ಲ."
ಬೈದಿದ್ದರೆ ತಿರುಗಿ ಬೈಯಬಹುದಿತ್ತು.

31 ಮಾರ್ಚ್, ಭಾನುವಾರ
ಪ್ರಭಾಕರ ಬಂದಿದ್ದ. ನನಗೆ ಬುದ್ಧಿ ಹೇಳಲೆಂದು ಇವರೇ ಕರೆಸಿದ್ದು. ಅವನೋ, ತಲೆ ತಗ್ಗಿಸಿ ಕೂತ.
"ಅಕ್ಕಾ, ಎಲ್ಲಾ ನನ್ನಿಂದ."
"ಥೂ, ಸುಮ್ನಿರೋ. ನಿಂಗೆ ಕೊಟ್ಟಿದ್ದಕ್ಕೆ ಒಂದಿನಾನೂ ಬೇಜಾರಾಗಿಲ್ಲ. ಇದು ನಂಗೋಸ್ಕರ. ಉರಿಯತ್ತೆ. ನೋಡಕ್ಕೂ ಚೆನ್ನಾಗಿಲ್ಲ."
ಬಾಯಿಂದ ಬಂದೇಬಿಟ್ಟಿತು. ಚೆನ್ನಾಗಿ ಕಾಣಬೇಕು — ನಲವತ್ತೊಂಬತ್ತನೇ ವಯಸ್ಸಿಗೆ! ನಾಚಿಕೆಯಾಯಿತು. ಆಮೇಲೆ ಅದೂ ಹೋಯಿತು.
ಪ್ರಭಾಕರ ಇವರ ಕಡೆ ತಿರುಗಿದ. "ಭಾವ, ಈ ಸಲ ವೇಟಿಂಗ್ ರೂಮಿಗೆ ನಾನೂ ಬರ್ತೀನಿ. ಅವತ್ತು ಕಂಪನಿ ಕೊಡಕ್ಕಾಗಲಿಲ್ಲ, ನಾನೂ ಒಳಗೇ ಮಲಗಿದ್ದೆ."
ಇವರು ನಗಬಾರದೆಂದು ಎಷ್ಟು ಹೊತ್ತು ತಡೆದರೋ. ನಕ್ಕರು. ಕಣ್ಣೂ ಒರೆಸಿಕೊಂಡರು.

12 ಏಪ್ರಿಲ್
ಕಿಡ್ನಿ ಡಾಕ್ಟರು ಸರಿ ಎಂದರು. ಮೇ 9ಕ್ಕೆ ಡೇಟ್. ಕ್ಯಾಲೆಂಡರಿನಲ್ಲಿ ಬರೆದದ್ದು ಇವರು.

2 ಜೂನ್
ಈಗ ಬರೆಯಲು ಆಗುತ್ತಿದೆ. ಎರಡೂ ತೋಳು ಬಿಗಿ, ಹೊಲಿಗೆಯ ಜಾಗದಲ್ಲಿ ತುರಿಕೆ. ಮೂರು ವಾರ ನನ್ನ ತಲೆ ಬಾಚಿದ್ದು ಇವರು. ಬೈತಲೆ ಒಂದು ದಿನವೂ ನೆಟ್ಟಗೆ ಬರಲಿಲ್ಲ. ಸುಖ.

13 ಜುಲೈ, ಶನಿವಾರ, ಬೆಳಗ್ಗೆ 10
ಕನ್ನಡದವರ ಪಿಕ್ನಿಕ್. ಪುಳಿಯೋಗರೆ ಕಲಸಿಟ್ಟೆ. ಕನ್ನಡಿಯಲ್ಲಿ ಕಲೆ ಚೆನ್ನಾಗಿಯೇ ಕಾಣುತ್ತದೆ, ಕೆಂಪಗೆ, ಉದ್ದಕ್ಕೆ. ಕಾಣಲಿ. ಯಾರಾದರೂ ಕೇಳಿದರೆ ಹೇಳಿದರಾಯಿತು.
ಕೆಳಗೆ ಭಾವ, ಭಾಮೈದ ಇಬ್ಬರೂ ಕಾರಿಗೆ ಐಸ್ ತುಂಬಿದ ಕೂಲರ್ ಪೆಟ್ಟಿಗೆ ತುರುಕುತ್ತಾ ವಾದ. ಹಾರ್ನ್ ಬೇರೆ. ಕಿಟಕಿಯಿಂದ ಕೈ ಬೀಸಿ, "ಬಂದೆ" ಎಂದೆ. ಬೀಸಿದ ಮೇಲೆ ಗೊತ್ತಾಯಿತು — ಇಡೀ ತೋಳು ತಲೆಯ ಮೇಲಿತ್ತು, ನೋವೇ ಇಲ್ಲ. ಇವರು ಅಲ್ಲಿಂದಲೇ ನೋಡಿ, ಕೂಲರ್ ಕೆಳಗಿಟ್ಟು, ತಾವೂ ಎರಡೂ ಕೈ ಮೇಲೆತ್ತಿ ಬೀಸಿದರು.