ಹೆಸರು ಕೂಗಬಾರದು

ಮೇ ೨೯, ಸೋಮವಾರ

ಪ್ರೀತಿಯ ಪಿಟೀಲು,

ಹೇಗಿದ್ದೀಯೆ? ನಿನ್ನ ಎರಡು ಕಾಗದಗಳೂ ಮೇಜಿನ ಡ್ರಾಯರಿನಲ್ಲಿ ಕೂತು ನನ್ನನ್ನು ಬೈಯುತ್ತಿವೆ. ಉತ್ತರ ಬರೆಯಲು ಎರಡು ತಿಂಗಳು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಬೇಸಿಗೆ ಮೇಳದ ಕೆಲಸ ಎಂದು ನೆಪ ಹೇಳಬಹುದು. ಆದರೆ ನಿಜ ಅದಲ್ಲ. ಎರಡರಲ್ಲೂ ನೀನು ಕೇಳಿದ್ದು ಒಂದೇ ಪ್ರಶ್ನೆ: ಅಮ್ಮ ಹೇಗಿದ್ದಾಳೆ? ಇಷ್ಟು ದಿನ "ವಯಸ್ಸಾಯಿತಲ್ಲ, ಇದ್ದಾಳೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಬರೆದು ಜಾರಿಕೊಳ್ಳುತ್ತಿದ್ದೆ. ನಿನ್ನೆ ಮೇಳ ಮುಗಿಯಿತು. ಇನ್ನು ಹಾಗೆ ಬರೆಯಲಾರೆ.

ಮೊದಲು ಮೇಳದ ಸುದ್ದಿ ಹೇಳಿಬಿಡುತ್ತೇನೆ, ಕೈಗೆ ಸ್ವಲ್ಪ ಧೈರ್ಯ ಬರಲಿ. ಶಾಲೆಯ ಹಿಂದಿನ ಮೈದಾನವೇ, ಅದೇ ಗೇಟು. ಹತ್ತು ಜನ ಸ್ವಯಂಸೇವಕರೆಂದರೆ ಒಂಬತ್ತು ಮೇಸ್ತ್ರಿಗಳು, ಒಬ್ಬ ಕೂಲಿ ಎಂದು ಅಪ್ಪ ಹೇಳುತ್ತಿದ್ದರಲ್ಲ, ಆ ಕೂಲಿ ಈ ವರ್ಷವೂ ನಾನೇ. ಅಂಚೆಯಣ್ಣನೇ ಈಗಲೂ ಸಂಘದ ಅಧ್ಯಕ್ಷ. ನೆರಳಿನ ಬಟ್ಟೆ ಪೂರ್ವಕ್ಕೆ ಕಟ್ಟಬೇಕೋ ಪಶ್ಚಿಮಕ್ಕೋ ಎಂದು ಅವನೂ ಕಮ್ಮಾರನೂ ಎರಡು ಸಂಜೆ ವಾದ ಮಾಡಿ, ಕೊನೆಗೆ ಕಟ್ಟಿದ ಕಡೆ ನೆರಳೇ ಬೀಳಲಿಲ್ಲ. ಕಮ್ಮಾರ ತೊಟ್ಟಿಲು ಚಕ್ರದ ಒಂದೊಂದು ಬೋಲ್ಟನ್ನೂ ಮೂರು ಸಲ ಬಿಗಿಮಾಡಿದ. ಮೈಕಿಗೆ ನಾನು. ಬಸ್ ನಿಲ್ದಾಣದಲ್ಲಿ ಇಪ್ಪತ್ತು ವರ್ಷ ಬಸ್ಸು ಕೂಗಿದವಳಿಗೆ ಇನ್ನೇನು ಕೆಲಸ ಕೊಡುತ್ತಾರೆ! ಚೀಟಿ ಬಂದರೆ ಓದುವುದು, ಅಷ್ಟೇ. ಅದರಲ್ಲಿ ಏನಿದೆ ಎಂದು ಕಣ್ಣು ನೋಡುತ್ತದೆ, ತಲೆ ನೋಡುವುದಿಲ್ಲ. ಈ ಮಾತು ನೆನಪಿಟ್ಟುಕೋ.

ಕಳೆದುಹೋದ ಮಕ್ಕಳ ಡೇರೆಯೂ ಇತ್ತು. ಅದು ಹುಟ್ಟಿದ್ದೇ ನಿನ್ನಿಂದ. ನಿನಗೆ ಆಗ ಆರು ವರ್ಷ. ಮೇಳದಲ್ಲಿ ಅಮ್ಮನ ಕೈ ಬಿಡಿಸಿಕೊಂಡು ಮಾಯವಾದೆ. ಊರಿಗೆ ಊರೇ ನಿನ್ನ ಹೆಸರು ಕೂಗಿತು. ಕೂಗಿದಷ್ಟೂ ನೀನು, ಸಿಕ್ಕಿದರೆ ಹೊಡೆಯುತ್ತಾರೆ ಎಂದು, ಐಸ್‌ಕ್ರೀಮ್ ಗಾಡಿಯ ಕೆಳಗೆ ಇನ್ನಷ್ಟು ಮುದುಡಿ ಕೂತಿದ್ದೆ. ಮರುವರ್ಷ ಅಮ್ಮ ಡೇರೆ ಹಾಕಿಸಿ ನಿಯಮ ಮಾಡಿದಳು: ಮೈಕಿನಲ್ಲಿ ಮಗುವಿನ ಹೆಸರು ಕೂಗಬಾರದು, ಹೆಸರು ಕೇಳಿದ ಮಗು ಅಡಗಿಕೊಳ್ಳುತ್ತದೆ. ಚೀಟಿಯಲ್ಲಿ ವಯಸ್ಸು, ಬಟ್ಟೆ, ಗುರುತು ಮಾತ್ರ. ಮಗು ಸಿಗುವವರೆಗೆ ಗೇಟು ಹಾಕಿರಬೇಕು, ಆಟ ನಿಲ್ಲಬೇಕು. ಇಪ್ಪತ್ತೇಳು ವರ್ಷ ಆ ಡೇರೆ ಅವಳದೇ. ಒಂದು ಮಗುವೂ ಸಿಗದೆ ಹೋಗಲಿಲ್ಲ.

ಈ ವರ್ಷ ನಾನೇ ಅವಳನ್ನು ಬಿಡಿಸಿದೆ. ಸಂಘದವರಿಗೆ ಬೆನ್ನುನೋವು ಎಂದು ಹೇಳಿದೆ. ನಿಜವೇನೆಂದರೆ, ಚಳಿಗಾಲದಿಂದ ಅವಳಿಗೆ ಒಂದೊಂದೇ ಮರೆತು ಹೋಗುತ್ತಿದೆ. ಒಲೆ ಹಚ್ಚಿದ್ದು, ಆರಿಸಿದ್ದು. ಅಪ್ಪ ಇಲ್ಲದ್ದು. ಕೆಲವು ದಿನ ಬೆಳಗ್ಗೆ ನಾನು ಯಾರು ಎಂಬುದು. ವೈದ್ಯರು, "ಹೊಸದು ಮೊದಲು ಹೋಗುತ್ತೆ, ಹಳೇದು ಕೊನೇಲಿ ಹೋಗುತ್ತೆ. ಆದ್ರೆ ಹೋಗುತ್ತಮ್ಮ" ಎಂದರು. ನಿನಗೆ ಬರೆಯಲಿಲ್ಲ. ಆರು ವರ್ಷದ ಹಿಂದೆ ನಿನ್ನ ಮದುವೆಯ ಜಗಳದಲ್ಲಿ ಅಮ್ಮ ಹೊಸ್ತಿಲಲ್ಲಿ ನಿಂತು "ಇನ್ನು ನನಗೆ ಒಬ್ಬಳೇ ಮಗಳು" ಎಂದಳಲ್ಲ, ಅವತ್ತು ನಿನ್ನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ. ಒಳಗೊಳಗೆ ಒಂಚೂರು ಹಿಗ್ಗಿದೆ ಕೂಡ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆ ಒಬ್ಬಳೇ ಮಗಳಾಗಿ ಎಲ್ಲವನ್ನೂ ನಾನೇ ನಿಭಾಯಿಸುತ್ತೇನೆ ಎಂಬ ಜಂಬ, ನಿನಗೆ ಬರೆಯದಂತೆ ನನ್ನ ಕೈ ಕಟ್ಟಿಹಾಕಿತ್ತು.

ನಿನ್ನೆ ಅಮ್ಮನನ್ನು ಮುಂದಿನ ಸಾಲಿನಲ್ಲಿ ಪಕ್ಕದ ಮನೆ ದರ್ಜಿ ಅತ್ತೆಯ ಜೊತೆ ಕೂರಿಸಿದ್ದೆ. ಅತ್ತೆಗೆ ಬಿಸಿಲಿಗೆ ತೂಕಡಿಕೆ. ಅಮ್ಮ ಎದ್ದು ನೇರವಾಗಿ ಡೇರೆಗೆ ಹೋಗಿದ್ದಾಳೆ. ಅಲ್ಲಿ ಇದ್ದವರು ಹೊಸದಾಗಿ ಬಂದ ಔಷಧಿ ಅಂಗಡಿಯವರು. ಊರಿಗೆ ಬಂದು ಮೂರು ತಿಂಗಳಾಗಿಲ್ಲ, ಅಮ್ಮನ ಮುಖ ಗೊತ್ತಿಲ್ಲ. ಮಗಳು ಕಾಣ್ತಿಲ್ಲ ಎಂದಳಂತೆ. ಅವರು ಪಾಪ, "ಹೆಸರೇನಮ್ಮ?" ಎಂದರಂತೆ. "ಹೆಸರು ಕೇಳ್ತೀರಲ್ರೀ, ನಿಯಮ ಗೊತ್ತಿಲ್ವಾ? ಬಟ್ಟೆ ಕೇಳಿ!" ಎಂದು ಗದರಿದಳಂತೆ. ಅಷ್ಟು ಖಚಿತವಾಗಿ ಮಾತಾಡುವವರನ್ನು ಯಾರು ಅನುಮಾನಿಸುತ್ತಾರೆ?

ಚೀಟಿ ನನ್ನ ಕೈಗೆ ಬಂತು. ಓದಿದೆ. "ಆರು ವರ್ಷದ ಹೆಣ್ಣುಮಗು. ಹಳದಿ ಫ್ರಾಕು, ಎರಡು ಜಡೆ." ಗೇಟು ಹಾಕಿದರು. ಹಗ್ಗ ಜಗ್ಗುತ್ತಿದ್ದವರು ಹಗ್ಗ ಬಿಟ್ಟು ಓಡಿದರು. ಕಮ್ಮಾರ ಚಕ್ರ ನಿಲ್ಲಿಸಿ ಒಬ್ಬೊಬ್ಬರನ್ನೇ ಇಳಿಸಿದ. ಹೆಡ್‌ಮಿಸ್ಸು ಶಾಲೆಯ ಕೋಣೆ ಕೋಣೆ ತೆರೆಸಿದರು. ಅಂಚೆಯಣ್ಣ ಈ ವಯಸ್ಸಿನಲ್ಲಿ ಪ್ಯಾಂಟು ಮಡಚಿ, ಮೈದಾನದ ಪಕ್ಕದ ಕೆರೆಗೆ ಎದೆಮಟ್ಟ ಇಳಿದ. ಹಳದಿ ಫ್ರಾಕಿನ ನಾಲ್ಕು ಮಕ್ಕಳನ್ನು ತಂದರು, ನಾಲ್ಕಕ್ಕೂ ಅಪ್ಪ ಅಮ್ಮ ಇದ್ದರು. ಅರ್ಧ ಗಂಟೆ, ಪಿಟೀಲು. ಅಷ್ಟು ಜನರ ಮೈದಾನದಲ್ಲಿ ನನ್ನ ದನಿ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಮತ್ತೆ ಮತ್ತೆ ಅದೇ ಓದುತ್ತಿದ್ದೆ.

ಆಮೇಲೆ ಎರಡನೇ ಚೀಟಿ ಬಂತು. "ಒಂದೇ ಕಾಲಿಗೆ ಚಪ್ಪಲಿ. ಮೊಣಕಾಲಿನ ಗಾಯಕ್ಕೆ ಅಪ್ಪನ ಕರವಸ್ತ್ರ ಕಟ್ಟಿದೆ." ಕರವಸ್ತ್ರ ಎಂಬಲ್ಲಿಗೆ ಓದು ನಿಲ್ಲಿಸಿದೆ. ನೀನು ಮಾಯವಾದ ಆ ದಿನ ಆ ಕರವಸ್ತ್ರ ಕಟ್ಟುವಾಗ ನಿನ್ನ ಕಾಲು ಹಿಡಿದುಕೊಂಡಿದ್ದವಳು ನಾನು. ಅರ್ಧ ಗಂಟೆಯಿಂದ ಊರಿಗೆಲ್ಲ ನಿನ್ನನ್ನೇ ಹುಡುಕಲು ಹೇಳುತ್ತಿದ್ದೆ.

ಮೈಕು ಕೆಳಗಿಟ್ಟು ಓಡಿದೆ. ಅಮ್ಮ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. "ಅಮ್ಮಾ" ಎಂದೆ. ನನ್ನ ಎದೆಯ ಮೇಲಿನ ಸ್ವಯಂಸೇವಕರ ಬಿಲ್ಲೆ ನೋಡಿ, "ಸಂಘದೋರಾ? ಗೇಟು ಹಾಕ್ಸಿದೀರಾ?" ಎಂದಳು. ಹಾಕಿಸಿದ್ದೇವೆ ಎಂದೆ. "ಹೆಸರು ಕೂಗ್ಬೇಡಿ. ಅವಳು ಹೆದರ್ಕೋತಾಳೆ. ನಾನು ಹೊಡಿಯಲ್ಲ ಅಂತ ಮಾತ್ರ ಹೇಳಿ, ಬರ್ತಾಳೆ" ಎಂದಳು. ಡೇರೆಯ ಬಾಗಿಲಲ್ಲಿ ಅಂಚೆಯಣ್ಣ ನೀರು ಸೋರಿಸುತ್ತಾ ನಿಂತಿದ್ದ. ನಾನೇ, "ಸಿಕ್ಕಿದಳು, ಮನೆಗೆ ಕಳಿಸಿದ್ದೀವಿ, ಬನ್ನಿ" ಎಂದು ಸುಳ್ಳು ಹೇಳಿ ಎಬ್ಬಿಸಿದೆ. ಇನ್ನು ಊರಿಗೆ ಮುಚ್ಚಿಡುವುದು ಏನೂ ಉಳಿದಿಲ್ಲ. ಒಬ್ಬರೂ ಬೈಯಲಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಗೇಟು ತೆರೆದರೂ ಮೇಳ ಮತ್ತೆ ಕಳೆಗಟ್ಟಲಿಲ್ಲ.

ಮನೆಗೆ ಬಂದು ಅಮ್ಮ ಕೋಣೆ ಕೋಣೆ ನೋಡಿದಳು. ಮಲಗಿರಬೇಕು ಎಂದೆ. ನಿನ್ನ ಹಳೆಯ ಮಂಚದ ಮೇಲೆ ಒಂದು ದಿಂಬು ಇಟ್ಟು, ಎಬ್ಬಿಸಬಾರದೆಂದು ಬಾಗಿಲು ಮೆಲ್ಲಗೆ ಎಳೆದುಕೊಂಡಳು.

ಬಾ, ತಂಗಿ. ಯಾರದು ತಪ್ಪು ಎಂಬ ಲೆಕ್ಕ ಬಿಡು, ಅದರಲ್ಲಿ ನನ್ನ ಪಾಲೂ ಇದೆ. ಅವಳಿಗೆ ಬೇಕಾಗಿರುವುದು ಆರು ವರ್ಷದವಳು, ಬರುವವಳು ಮೂವತ್ತನಾಲ್ಕರವಳು. ಗುರುತು ಹಿಡಿಯದೆಯೂ ಇರಬಹುದು. ಆದರೂ ಬಾ. ಹಳೆಯದೂ ಹೋಗುತ್ತದೆ ಎಂದಿದ್ದಾರಲ್ಲ ವೈದ್ಯರು, ಅವಳು ಹುಡುಕುತ್ತಿರುವಾಗಲೇ ಬಂದುಬಿಡು. ಹೊಡೆಯುವುದಿಲ್ಲವಂತೆ.

ನಿನ್ನ ಗಂಡನಿಗೆ ನಾನು ಕೇಳಿದೆನೆಂದು ಹೇಳು. ಅವರನ್ನೂ ಕರೆದುಕೊಂಡು ಬಾ. ನಿಮ್ಮಿಬ್ಬರ ಮನೆ ತಣ್ಣಗಿರಲಿ, ನೀನು ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಅಕ್ಕ

ಇನ್ನೊಂದು ಮಾತು: ಬರೆಯಬಾರದು ಎಂದುಕೊಂಡಿದ್ದೆ, ಲಕೋಟೆ ಅಂಟಿಸುವ ಮೊದಲು ಕೈ ತಡೆಯಲಿಲ್ಲ. ಮೈದಾನದಿಂದ ಮನೆಗೆ ಬರುವ ದಾರಿಯಲ್ಲಿ ಕೇಳಿದೆ, "ನಿಮಗೆ ಇನ್ನೊಬ್ಬಳು ಮಗಳು ಇದ್ದಾಳಲ್ವಾ, ದೊಡ್ಡವಳು? ಅವಳೆಲ್ಲಿ?" ಅಮ್ಮ ನಕ್ಕಳು. "ಅವಳಾ? ಅವಳು ಕಳೆದುಹೋಗೋಳಲ್ಲ ಬಿಡಿ. ಇಲ್ಲೇ ಎಲ್ಲೋ ಕೆಲಸ ಮಾಡ್ತಿರ್ತಾಳೆ. ಅವಳನ್ನ ನಾನು ಒಂದು ದಿನಾನೂ ಹುಡುಕಿಲ್ಲ" ಎಂದಳು. ಆಗ ಅವಳ ಕೈ ನನ್ನ ಕೈಯಲ್ಲೇ ಇತ್ತು.