ಹತ್ತಿಯ ಕಣ್ಣು

ಮಾರ್ಚ್ ೩, ಮಂಗಳವಾರ

ಪ್ರೀತಿಯ ಪುಟ್ಟಿ,

ನಿನ್ನ ಇಲಿಗಳ ಬಗ್ಗೆ ಮಾತ್ರ ಬರೆದು, ನನ್ನ ಹೊಟ್ಟೆಕಿಚ್ಚಿನ ಮಾತು ಬಿಟ್ಟು ಲಕೋಟೆ ಅಂಟಿಸುವುದರಲ್ಲಿದ್ದೆ. ಆದರೆ ಅದನ್ನು ಬಿಟ್ಟರೆ ಉತ್ತರ ಇಷ್ಟು ತಡವಾದದ್ದಕ್ಕೆ ಏನಾದರೂ ಸುಳ್ಳು ಹೇಳಬೇಕಾಗುತ್ತಿತ್ತು. ಬೈಯುವುದಾದರೆ ಪೂರ್ತಿ ಓದಿ ಬೈಯಿ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವನ ಮೊಣಕಾಲು ಈಗ ಪರವಾಗಿಲ್ಲ. ನಿನ್ನ ಜೊತೆ ಬೆಟ್ಟ ಹತ್ತಿ ಬಂದಾಗಿನಿಂದ ನನ್ನ ಮಗಳಿಗೆ ನಿನ್ನದೇ ಜಪ. "ಚಿಕ್ಕಮ್ಮ ಟೀಗೆ ಸಕ್ಕರೇನೇ ಹಾಕಲ್ಲ. ಚಿಕ್ಕಮ್ಮ ಬೂಟು ಹೀಗೆ ಕಟ್ಟೋದು." ಮೊನ್ನೆ ತಡೆಯಲಾರದೆ, "ಹಾಗಾದ್ರೆ ಚಿಕ್ಕಮ್ಮನ ಮನೇಲೇ ಇರು ಹೋಗು" ಅಂದುಬಿಟ್ಟೆ. "ಇರಲಾ?" ಅಂದಳು, ಮುಖ ಅರಳಿಸಿಕೊಂಡು.

ಇಲಿಗಳ ವಿಷಯಕ್ಕೆ ಬರುತ್ತೇನೆ. ನಮ್ಮ ಬೆಟ್ಟದಿಲಿ ಮರಗಳು ಮುಗಿಯುವ ಎತ್ತರದವರೆಗೆ ಮಾತ್ರ ವಾಸಿಸುತ್ತದೆ ಎಂದು ಹಳೆಯ ಮಾದರಿಗಳ ಚೀಟಿ ನೋಡಿ ನಕ್ಷೆಯಲ್ಲಿ ಗೆರೆ ಎಳೆದವಳು ನಾನು. ನೀನು ಆ ಗೆರೆಗಿಂತ ಎಷ್ಟೋ ಮೇಲೆ, ಬರೀ ಬಂಡೆಗಳ ನಡುವೆ ಬೋನಿಟ್ಟು ಮೂರನ್ನು ಹಿಡಿದು ಕಳಿಸಿದ್ದೀಯ. ಬಾಲ ಗಿಡ್ಡ, ಬುರುಡೆ ಕಿರಿದು, ಇದು ಬೇರೆಯೇ ಪ್ರಭೇದ ಅನ್ನುತ್ತೀಯ. ಮ್ಯೂಸಿಯಂ ಒಪ್ಪಿದರೆ ಮಾತ್ರ ನಿನ್ನ ತಂಡವನ್ನು ಮತ್ತೆ ಮೇಲೆ ಕಳಿಸುತ್ತಾರೆ. ಇಲಿಗಳ ಮಟ್ಟಿಗೆ ಮ್ಯೂಸಿಯಂ ಅಂದರೆ ನಾನೇ.

ಮೊದಲ ದಿನವೇ ಅಳತೆ ತೆಗೆದು "ಇವು ಮರಿಗಳು" ಎಂದು ತೀರ್ಮಾನಿಸಿದೆ. ಬೆಳೆಯದ ಇಲಿಗೆ ಬಾಲವೂ ಗಿಡ್ಡ, ಬುರುಡೆಯೂ ಕಿರಿದು. ಸಂಜೆ ಮನೆಗೆ ನಡೆದು ಬರುವಾಗ ಏನೋ ಹಾಡು ಗುನುಗುತ್ತಿದ್ದೆ. ಬೇಕರಿಯ ತಿರುವಿನಲ್ಲಿ ನನಗೇ ಅನುಮಾನ ಬಂತು. ತಂಗಿಯ ಇಲಿ ಹೊಸದಲ್ಲ ಅಂದರೆ ನನಗೇಕೆ ಇಷ್ಟು ಹಿಗ್ಗು? ಅದು ಹಳೆಯದೇ ಆದರೆ ನಾನು ಎಳೆದ ಗೆರೆಯೇ ತಪ್ಪಾಗುತ್ತದೆ. ಅದೂ ಆಗಲಿ, ನೀನು ಮಾತ್ರ ಗೆಲ್ಲಬಾರದು ಅನ್ನಿಸಿತ್ತಲ್ಲ ನನಗೆ!

ಮಾರನೆಯ ದಿನ ಪಕ್ಕದ ಮೇಜಿನ ಗೆಳತಿಯ ಹತ್ತಿರ ಹೋದೆ. ಹಕ್ಕಿಗಳ ವಿಭಾಗ ಅವಳದು, ಎಲ್ಲರೂ ಅವಳನ್ನು ಹಕ್ಕಿ ಮೇಡಂ ಅನ್ನುತ್ತಾರೆ. ನಿನ್ನ ಮೂರು ಬುರುಡೆಗಳನ್ನು ಕಪಾಟಿನ ಹಳೆಯ ಬುರುಡೆಗಳ ಜೊತೆ ಬೆರೆಸಿ, ಚೀಟಿ ಮುಚ್ಚಿ ಕೊಡು ಎಂದೆ.

"ಇದೇನೇ, ಇಸ್ಪೀಟಾ ಕಲಸಿ ಕೊಡೋಕೆ?"

"ಸುಮ್ನೆ ಕೊಡೇ."

"ಗೆದ್ದವರಿಗೇನು?"

"ನನ್ನ ತಂಗಿಗೆ ಬೆಟ್ಟ."

"ಸೋತವರಿಗೆ?"

ನಾನು ಬುರುಡೆಗಳ ಪೆಟ್ಟಿಗೆಯನ್ನು ಅವಳತ್ತ ತಳ್ಳಿದೆ.

ಯಾರ ಇಲಿ ಯಾವುದು ಎಂದು ಗೊತ್ತಿಲ್ಲದೆ ಎಲ್ಲವನ್ನೂ ಹೊಸದಾಗಿ ಅಳೆದು ವಿಂಗಡಿಸಿದೆ, ಉತ್ತರ ತಡವಾದದ್ದು ಅದಕ್ಕೇ. ಮೂರು ಬುರುಡೆಗಳು ಯಾವ ಗುಂಪಿಗೂ ಸೇರದೆ ಉಳಿದವು. ಚೀಟಿ ಬಿಚ್ಚಿದರೆ ಮೂರೂ ನಿನ್ನವೇ. ಆಗಷ್ಟೇ ಅವುಗಳ ಹಲ್ಲು ನೋಡಿದೆ. ಪೂರ್ತಿ ಸವೆದಿದ್ದವು. ನಾನು ಮರಿಗಳೆಂದು ತಳ್ಳಿಹಾಕಿದ್ದು ಮೂರು ಅಜ್ಜಿಯರನ್ನು ಕಣೇ! ಹಲ್ಲು ನೋಡದೆ ವಯಸ್ಸು ಹೇಳಿದ್ದು ನನ್ನ ಕೆಲಸದಲ್ಲಿ ಇದೇ ಮೊದಲು.

ನಿನ್ನ ಪ್ರಭೇದ ಹೊಸದು. ಸಹಿ ಹಾಕಿದ ವರದಿಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ಹೋಗಿ ಬಾ. ಕಿವಿ ಮುಚ್ಚಿಕೊಂಡು ಓಡಾಡು, ಹೊತ್ತಿಗೆ ಸರಿಯಾಗಿ ತಿನ್ನು. ನಿನಗೆ ಒಳ್ಳೆಯದಾಗಲಿ, ಮನಸ್ಸಿನಿಂದಲೇ ಹೇಳುತ್ತಿದ್ದೇನೆ.

ನಿನ್ನ ಅಕ್ಕ

ತಾ.ಕ.: ನಮ್ಮ ಕಪಾಟಿನ ಇಲಿಗಳಿಗೆ ಕಣ್ಣಿನ ಜಾಗದಲ್ಲಿ ಬಿಳಿ ಹತ್ತಿ ತುಂಬಿರುತ್ತೇವೆ. ವರ್ಷಗಳ ಹಿಂದೆ ಮೊದಲ ಸಲ ಹತ್ತುವಾಗಲೇ ಉಸಿರು ಕಟ್ಟಿ ನನ್ನನ್ನು ಅರ್ಧ ದಾರಿಯಿಂದ ಹೊತ್ತು ಇಳಿಸಿದ ಮೇಲೆ ನಾನು ಬೆಟ್ಟ ಹತ್ತಲಿಲ್ಲ, ಅವನ್ನು ಜೀವಂತ ನೋಡಲೂ ಇಲ್ಲ. ನಿನ್ನೆ ಜಡೆ ಹೆಣೆಯುತ್ತಾ ಮಗಳನ್ನು ಕೇಳಿದೆ, "ಆ ಇಲಿ ಕಣ್ಣು ಹೇಗಿರುತ್ತೆ?" "ಅಮ್ಮಾ, ನಾನು ಹುಟ್ಟೋಕೆ ಮುಂಚಿಂದ ನೀನು ಅದರ ಹಿಂದೇನೇ ಇದ್ದೀಯ, ಅಷ್ಟೂ ಗೊತ್ತಿಲ್ವಾ?" ಎಂದು ನಕ್ಕಳು. ನಗುತ್ತಲೇ ನನ್ನ ಕೈಯಿಂದ ಜಡೆ ಬಿಡಿಸಿಕೊಂಡು, "ಬಿಡು, ಚಿಕ್ಕಮ್ಮ ಹಾಕೋ ಥರ ನಾನೇ ಹಾಕ್ಕೋತೀನಿ" ಅಂದಳು. ಅವಳು ಒರೆಸಿಟ್ಟ ಬೂಟುಗಳು ಆಗಲೇ ಬಾಗಿಲ ಹತ್ತಿರ ಕೂತಿವೆ. ಈ ವರದಿ ನಿನ್ನ ಕೈ ಸೇರಿದರೆ ಇಬ್ಬರೂ ಹೊರಡುತ್ತೀರಿ. ಇವತ್ತಿನ ಅಂಚೆ ಹೊರಟಾಯಿತು, ನಾಳೆ ಅಂಚೆ ಕಚೇರಿಗೆ ರಜೆ. ಆ ಒಂದು ದಿನ ಲಕೋಟೆ ನನ್ನ ಮೇಜಿನ ಮೇಲಿದ್ದರೆ ನನ್ನನ್ನು ನಾನೇ ನಂಬಲಾರೆ, ಅದಕ್ಕೆ ಹಕ್ಕಿ ಮೇಡಂ ಡ್ರಾಯರ್‌ನಲ್ಲಿಟ್ಟು ಬೀಗ ಹಾಕಿಸುತ್ತೇನೆ. ಅಂಚೆಗೆ ಹಾಕುವುದು ಮಾರ್ಚ್ ೫, ಗುರುವಾರ.