ಎಡಗಡೆ ಹೆಡ್‌ಲೈಟಿನ ರಿಂಗು

ಮಾರ್ಚ್ ೧೦, ಮಂಗಳವಾರ

ಮುದ್ದು ಮಗಳಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ದಿನಾ ಬರೆಯಲು ಕೂರುತ್ತಿದ್ದೆ, 'ಮುದ್ದು ಮಗಳಿಗೆ' ಎಂದು ಬರೆದು ಏಳುತ್ತಿದ್ದೆ. ಕೆಲಸವಿತ್ತು ಎಂದರೆ ನೀನು ನಂಬುವವಳಲ್ಲ, ನಾನೂ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಆರೋಗ್ಯ. ತಾತನ ಮಂಡಿನೋವು ಇದ್ದ ಹಾಗೇ ಇದೆ. ಗ್ಯಾರೇಜಿನ ಹಿಂದಿನ ಕೋಣೆ ಬಿಟ್ಟು ನಮ್ಮ ಜೊತೆ ಬಂದಿರಿ ಎಂದರೆ, ಮೂರು ಮಹಡಿ ಹತ್ತೋದಕ್ಕೆ ಗೇರ್ ಸಾಲದು ಎನ್ನುತ್ತಾರೆ. ನಿನ್ನ ಹಾಸ್ಟೆಲ್ ಕೋಣೆಯ ಕಿಟಕಿ ಸರಿಯಾಯಿತೇ?

ನೀನು ಸಂತೆಯ ಸುದ್ದಿ ಕೇಳಿದ್ದೆ. ಒಳ್ಳೆಯದೇನೂ ಇಲ್ಲ. ಮೈದಾನದ ಸುತ್ತಲಿನ ಮನೆಯವರ ಸಂಘ ಕೊಟ್ಟ ದೂರು ನಗರಸಭೆಯಲ್ಲಿ ವಿಚಾರಣೆಗೆ ಬಂತು. ತಾತ ಶುರು ಮಾಡಿದ ಈ ಅದಲುಬದಲು ಸಂತೆಗೆ ಮೂವತ್ತೊಂದು ವರ್ಷ. ತಿಂಗಳಿಗೊಂದು ಭಾನುವಾರ, ಹಳೇ ಕಾರಿನ ಒಂದು ಬಿಡಿಭಾಗ ಕೊಟ್ಟು ಇನ್ನೊಂದು ಒಯ್ಯುವುದು, ಅಷ್ಟೇ. ಸುತ್ತಲಿನ ಮನೆಗಳಿಗೆ ಅದರ ಅರ್ಧ ವಯಸ್ಸೂ ಇಲ್ಲ. ನಾವು ಎರಡು ವರ್ಷದ ಹಿಂದೆ ಕೊಂಡದ್ದೂ ಅವುಗಳಲ್ಲೊಂದು.

ವಿಚಾರಣೆಗೆ ತಾತ ನನ್ನನ್ನೂ ಕರೆದರು. ಇಸ್ತ್ರಿ ಮಾಡಿದ ಶರ್ಟು ಹಾಕಿದ್ದರು. ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಿರಲಿಲ್ಲ. ಜೊತೆಗೆ ಅವರ ಗೆಳೆಯ, ನಿನ್ನ ಕಾರ್ಬುರೇಟರ್ ಮಾಮ. ಎದುರುಗಡೆ ಸಂಘದ ಕಾರ್ಯದರ್ಶಿ, ಇನ್ನೊಂದು ಎಂಟು ಜನ. ಅವರು ಕೆಟ್ಟವರಲ್ಲ. ಒಬ್ಬಾಕೆಯ ಮಗು ಸಂತೆಯ ದಿನ ಆರು ಗಂಟೆಗೇ ಇಂಜಿನ್ ಸದ್ದಿಗೆ ಬೆಚ್ಚಿ ಏಳುತ್ತದಂತೆ. ಇನ್ನೊಬ್ಬರ ತಾಯಿ ಗೇಟಿನ ಮುಂದೆ ಚೆಲ್ಲಿದ್ದ ಆಯಿಲ್ ತುಳಿದು ಜಾರಿ ಬಿದ್ದರಂತೆ. ಇದ್ಯಾವುದೂ ಸುಳ್ಳಲ್ಲ.

ದೂರು ಇಂಗ್ಲಿಷಿನಲ್ಲಿತ್ತು. ಅಧಿಕಾರಿ ಚಾಚಿದ ಪ್ರತಿಯನ್ನು ತಾತ ನನ್ನ ಕೈಗೆ ಕೊಟ್ಟು, "ನನ್ನ ಮಗಳು ಓದಿ ಹೇಳ್ತಾಳೆ ಸಾರ್. ಅದಕ್ಕೇ ಅವಳನ್ನ ಇಂಗ್ಲಿಷ್ ಸ್ಕೂಲಿಗೆ ಹಾಕಿದ್ದು" ಎಂದರು. ಎಲ್ಲರೂ ನಕ್ಕರು. ಕಾರ್ಯದರ್ಶಿ ಮಾತ್ರ ನಗದೆ ನನ್ನನ್ನೇ ನೋಡುತ್ತಿದ್ದರು. ಒಂದೊಂದೇ ಸಾಲು ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳಿದೆ. ಒಂದನ್ನು ಬಿಟ್ಟುಬಿಟ್ಟೆ. ಅಧಿಕಾರಿ ತಮ್ಮ ಪ್ರತಿಯ ಮೇಲೆ ಬೆರಳಿಟ್ಟುಕೊಂಡೇ ಕೂತಿದ್ದರು.

"ಒಂದು ಲೈನ್ ಬಿಟ್ರಿ ಮೇಡಂ."

ಆ ಸಾಲು ಇದು: 'ದಿನದ ಕೊನೆಗೆ ಕೆಲವು ಮುದುಕರು, ಈಗ ಎಲ್ಲೂ ಇಲ್ಲದ ವಸ್ತುಗಳಿಗಾಗಿ ಗಂಟಲು ಹರಿದುಕೊಳ್ಳುತ್ತಾರೆ.'

ತಾತ ಸ್ವಲ್ಪ ಹೊತ್ತು ಮೇಜಿನ ಅಂಚು ಸವರುತ್ತಿದ್ದರು. ಆಮೇಲೆ, "ಸರಿಯಾಗೇ ಬರೆದಿದ್ದಾರೆ" ಎಂದರು. ಮುಂದೆ ಒಂದು ಮಾತೂ ವಾದಿಸಲಿಲ್ಲ. ಲಿಖಿತ ಉತ್ತರಕ್ಕೆ ಹದಿನೈದು ದಿನ ಕೊಟ್ಟಿದ್ದಾರೆ. ಈ ಶುಕ್ರವಾರ ಗಡುವು ಮುಗಿಯುತ್ತದೆ. ಉತ್ತರ ಹೋಗದಿದ್ದರೆ ಮೈದಾನಕ್ಕೆ ಬೀಗ.

ಮೊನ್ನೆ ಭಾನುವಾರ ಸಂತೆ ನಡೆಯಿತು. ಅರ್ಧಕ್ಕರ್ಧ ಜನ ಬಂದಿರಲಿಲ್ಲ, ಟಾರ್ಪಾಲುಗಳ ನಡುವೆ ಬರೀ ಹುಲ್ಲು. ಮಾಮ ಒಂದು ಡೈನಮೋ ಕೊಟ್ಟು ಎರಡು ವೈಪರ್ ಮೋಟರ್ ತಂದರು. ಎರಡೂ ಓಡಲ್ಲವಂತೆ, ಆದರೆ ಜೋಡಿ ಚೆನ್ನಾಗಿದೆಯಂತೆ. ನಾಲ್ಕು ಗಂಟೆಗೆ ಕೂಗಿನ ಹೊತ್ತು. ಹುಡುಕಿದ್ದು ಸಿಗದವರು ಒಬ್ಬೊಬ್ಬರಾಗಿ ಎದ್ದು, ತಮಗೆ ಬೇಕಾದ್ದನ್ನು ಗಟ್ಟಿಯಾಗಿ ಕೂಗಬೇಕಲ್ಲ, ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಮುಂದಿನ ತಿಂಗಳು ಬರಲಿ ಎಂದು. ತಾತ ಹದಿಮೂರು ವರ್ಷದಿಂದ ಕೂಗುವುದು ಒಂದನ್ನೇ. ನೀನು ಚಿಕ್ಕವಳಿದ್ದಾಗ ಅವರ ಹೆಗಲೇರಿ ಅವರಿಗಿಂತ ಮೊದಲೇ "ಎಡಗಡೆ ಹೆಡ್‌ಲೈಟಿನ ರಿಂಗು" ಎಂದು ಕೂಗಿಬಿಡುತ್ತಿದ್ದೆ. ಇಡೀ ಮೈದಾನ ಒಂದೇ ದನಿಯಲ್ಲಿ "ಇಲ್ಲಾ" ಎನ್ನುತ್ತಿತ್ತು.

ಮೊನ್ನೆ ಅವರ ಸರದಿ ಬಂತು. ಎದ್ದು ನಿಂತರು. ಜನ "ಇಲ್ಲಾ" ಎನ್ನಲು ಬಾಯಿ ತೆರೆದಿದ್ದರು. ತಾತ ಸುತ್ತಲಿನ ಬಾಲ್ಕನಿಗಳನ್ನು ಒಮ್ಮೆ ನೋಡಿ, ಬಗ್ಗಿ ಟಾರ್ಪಾಲು ಮಡಚತೊಡಗಿದರು.

"ಏನಯ್ಯ, ರಿಂಗು ಸಿಕ್ತಾ?" ಎಂದರು ಮಾಮ.

"ಬೇಡ ಬಿಡು."

ಅವರಾದ ಮೇಲೆ ಯಾರೂ ಕೂಗಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಪರೀಕ್ಷೆ ಚೆನ್ನಾಗಿ ಬರಿ. ಕಲಿತ ವಿದ್ಯೆ ನಿನ್ನನ್ನು ಕಾಯಲಿ, ನಿನ್ನವರನ್ನು ಚುಚ್ಚದಿರಲಿ. ಅದೊಂದೇ ನನ್ನ ಹಾರೈಕೆ.

ಪ್ರೀತಿಯಿಂದ,
ಅಮ್ಮ

ತಾ.ಕ.: 'ಆ ದೂರು ಬರೆದ ಕೈ ಯಾರದಮ್ಮ' ಎಂದು ಕೇಳಿದ್ದೆ. ನನ್ನದು. ಕಾರ್ಯದರ್ಶಿ ಮನೆಗೆ ಬಂದು, "ನಿಮ್ಮಷ್ಟು ಚೆನ್ನಾಗಿ ಯಾರು ಬರೀತಾರೆ ಮೇಡಂ, ನಿಮ್ಮ ಹೆಸರು ಬರಲ್ಲ" ಎಂದರು. ಸಂತೆ ನಡೆಸುವವರು ನನ್ನ ಅಪ್ಪ ಎಂದು ನಾನು ಹೇಳಲಿಲ್ಲ. ಬೇರೆಯವರು ಬರೆದರೆ ಒರಟಾಗುತ್ತದೆ, ನಾನಾದರೆ ಸದ್ದು, ಪಾರ್ಕಿಂಗ್ ಇಷ್ಟಕ್ಕೇ ನಿಲ್ಲಿಸಬಹುದು ಅಂದುಕೊಂಡೆ. ಬರೆಯುತ್ತ ಹೋದ ಹಾಗೆ ಚೆನ್ನಾಗಿ ಬಂತು. ಮುದುಕರ ಸಾಲನ್ನು ಮೂರು ಸಲ ತಿದ್ದಿದೆ. ಆಗ ತಾತನ ನೆನಪೇ ಬರಲಿಲ್ಲವೋ, ನೆನಪಾಗಿಯೂ ಬರೆದೆನೋ, ಎಷ್ಟು ಕೇಳಿಕೊಂಡರೂ ತಿಳಿಯುತ್ತಿಲ್ಲ.

ತಾತನಿಗೆ ಗೊತ್ತಾಗಿದೆಯೋ ಇಲ್ಲವೋ ಅದೂ ತಿಳಿಯದು. ಇವತ್ತು ಬೆಳಗ್ಗೆ ಮೂರು ಮಹಡಿ ಹತ್ತಿ ಬಂದು, ನಾಲ್ಕು ಬಿಳಿ ಹಾಳೆ ನನ್ನ ಮುಂದಿಟ್ಟರು. "ಉತ್ತರ ನೀನೇ ಬರಿಯಮ್ಮ. ಅವರು ಬರೆದಷ್ಟೇ ಚೆನ್ನಾಗಿರಲಿ" ಎಂದರು.

ಆ ಹಾಳೆಗಳಲ್ಲೇ ನಿನಗೆ ಇದನ್ನು ಬರೆದಿದ್ದೇನೆ.